"ಮಶೀನು ಕೊಡಿ" ಅಂದ ಯಜಮಾನ್ರು: ಅವರ ಪರವಾಗಿ ನಾವು ತಗೊಂಡ ಒಂದು ನಿರ್ಧಾರ

ಮೊದಲೇ ಹೇಳ್ಬಿಡ್ತೀನಿ, ಇದನ್ನ ಆ ಮನೆಯವರನ್ನ ಕೇಳಿಯೇ ಬರೀತಿದೀನಿ. ಗುರುತು ಸಿಗಬಾರದು ಅಂತ ವಯಸ್ಸು, ಮಕ್ಕಳ ವಿಷಯ, ತಿಂಗಳು ಇಂಥವನ್ನ ಅಲ್ಲಲ್ಲಿ ಬದಲಾಯಿಸಿದೀನಿ, ನಡೆದ ವಿಷಯ ಮಾತ್ರ ಹಾಗೇ ಇದೆ. ನಾನು ಆಸ್ಪತ್ರೆಯಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್, ಅಂದ್ರೆ ಡಾಕ್ಟ್ರು ಹೇಳಿದ್ದನ್ನ ಮನೆಯವರಿಗೆ ಅರ್ಥ ಮಾಡಿಸೋದು, ಮನೆಯವರು ಹೇಳೋಕೆ ಹಿಂಜರಿಯೋದನ್ನ ಡಾಕ್ಟ್ರಿಗೆ ಮುಟ್ಟಿಸೋದು, ಇಬ್ಬರ ಕೈಲೂ ಬೈಸ್ಕೊಳ್ಳೋದು.

ಹಿನ್ನೆಲೆ

ಅವರನ್ನ ಯಜಮಾನ್ರು ಅಂತ ಕರೀತೀನಿ, ವಾರ್ಡಲ್ಲೂ ಹಾಗೇ ಕರೀತಿದ್ವಿ. ಎಂಬತ್ತರ ಹತ್ತಿರದ ವಯಸ್ಸು, ಜೀವನ ಪೂರ್ತಿ ದರ್ಜಿ ಕೆಲಸ, ಕಾಲಲ್ಲಿ ತುಳಿಯೋ ಹಳೇ ಮಶೀನು, ಕೊನೆವರೆಗೂ ಮೋಟಾರ್ ಹಾಕಿಸ್ಕೊಂಡಿರ್ಲಿಲ್ವಂತೆ. ಹೆಂಡತಿ ತೀರ್ಕೊಂಡು ಆರು ವರ್ಷ. ಡಿಮೆನ್ಷಿಯಾ, ಅಂದ್ರೆ ಮರೆವಿನ ಕಾಯಿಲೆ, ಅಂತ ಗೊತ್ತಾಗಿ ನಾಲ್ಕು ವರ್ಷ, ಶುಗರ್ ಬಂದು ಇಪ್ಪತ್ತೈದು ವರ್ಷದ ಮೇಲೆ, ಕಾಲಿನ ರಕ್ತನಾಳಗಳು ಕಟ್ಕೊಂಡಿವೆ ಅಂತ ಹಿಂದೆನೇ ಹೇಳಿದ್ರು. ನೋಡ್ಕೊಳ್ತಿದ್ದಿದ್ದು ಮಗಳು. ಹಿರಿಮಗ ಬೇರೆ ದೇಶದಲ್ಲಿ. ಕಿರಿಮಗ ಅದೇ ಊರಲ್ಲಿ, ದಿನಾ ರಾತ್ರಿ ಬಂದು ಅಪ್ಪನ ಪಕ್ಕ ಮಲ್ಕೊಂಡು ಬೆಳಿಗ್ಗೆ ಎದ್ದು ಹೋಗೋನು, ಜಾಸ್ತಿ ಮಾತಿಲ್ಲ. ಈ ಮಾತಿಲ್ಲದವನನ್ನ ನಾನು ಮೊದಲ ಮೂರು ದಿನ ಲೆಕ್ಕಕ್ಕೇ ತಗೊಂಡಿರ್ಲಿಲ್ಲ, ಆ ತಪ್ಪಿನ ವಿಷಯ ಮುಂದೆ ಬರುತ್ತೆ.

ಎಡಗಾಲಿನ ಎರಡು ಬೆರಳು ಕಪ್ಪಾಗಿ, ಪಾದದ ಅಡಿಯಲ್ಲಿ ಕೀವು ತುಂಬ್ಕೊಂಡು, 102 ಜ್ವರದಲ್ಲಿ ಕರ್ಕೊಂಡು ಬಂದ್ರು. ಗ್ಯಾಂಗ್ರೀನ್, ಅಂದ್ರೆ ಆ ಭಾಗ ಸತ್ತು ಕೊಳೆಯೋದು. ಸರ್ಜನ್ ನೋಡಿ ಮೊಣಕಾಲಿನ ಕೆಳಗೆ ಕಾಲು ತೆಗೀಬೇಕು, ಇಲ್ಲಾಂದ್ರೆ ನಂಜು ಮೈಗೆಲ್ಲ ಏರುತ್ತೆ ಅಂದ್ರು.

ಮೊದಲನೇ ಸಂಜೆ

ಸಂಜೆ ಏಳು ಗಂಟೆ. ಹಾಸಿಗೆ ಸುತ್ತ ಮೂರು ಜನ ಡಾಕ್ಟ್ರು ನಿಂತಿದಾರೆ, ಪಕ್ಕದ ಬೆಡ್ಡಲ್ಲಿ ಮಾನಿಟರ್ ಕೂಗ್ತಿದೆ, ಜ್ವರ ಇಳಿದಿಲ್ಲ. "ಕಾಲು ತೆಗೀಬೇಕು, ಒಪ್ತೀರಾ?" ಅಂತ ಜೋರಾಗಿ ಕೇಳಿದ್ರು. ಯಜಮಾನ್ರು "ಬೇಡ ಬೇಡ, ನಾಳೆ ಡೆಲಿವರಿ ಇದೆ, ಮಶೀನು ಕೊಡಿ" ಅಂದ್ರು. ಮತ್ತೆ ಕೇಳಿದ್ರೆ ಮತ್ತೆ "ಮಶೀನು ಕೊಡಿ". ಎಮ್‌ಎಮ್‌ಎಸ್‌ಇ ಅನ್ನೋ ಮರೆವಿನ ಪರೀಕ್ಷೆ ಮಾಡಿದ್ರು, 30ಕ್ಕೆ 9 ಬಂತು. ಕೇಸ್ ಶೀಟಲ್ಲಿ ಬರೆದ್ರು: ಗೊಂದಲದಲ್ಲಿದ್ದಾರೆ, ಹೊಲಿಗೆ ಮಶೀನ್ ಕೇಳುತ್ತಿದ್ದಾರೆ, ನಿರ್ಧಾರ ತೆಗೆದುಕೊಳ್ಳುವ ಸಾಮರ್ಥ್ಯ ಇಲ್ಲ. ಹಿರಿಮಗ ವಿಡಿಯೋ ಕಾಲಲ್ಲಿ "ಏನೇನು ಮಾಡ್ಬೇಕೋ ಎಲ್ಲಾ ಮಾಡಿ, ನಾನು ಈಗ್ಲೇ ಸಹಿ ಮಾಡಿ ಕಳಿಸ್ತೀನಿ" ಅಂದ. ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಆಪರೇಷನ್ ಥಿಯೇಟರ್ ಲಿಸ್ಟಲ್ಲಿ ಹೆಸರು ಬಂತು.

ಮಗಳು ನನ್ನ ಹತ್ರ ಬಂದಿದ್ದು ಆಗ. ಬೇಡ ಅನ್ನೋಕೂ ಅವಳಿಗೆ ಧೈರ್ಯ ಇಲ್ಲ, ಹೂಂ ಅನ್ನೋಕೂ ಆಗ್ತಿಲ್ಲ. "ಮೇಡಂ, ಅಪ್ಪ ಬೇಡ ಅಂತಿದಾರೆ ಅಲ್ವಾ, ಅದು ಯಾರಿಗೂ ಕೇಳಿಸ್ತಿಲ್ವಾ?" ಅಂದ್ಲು. ಕೇಳಿಸಿತ್ತು, ಆದ್ರೆ ಬುದ್ಧಿ ನೆಟ್ಟಗಿಲ್ಲದವರ ಬೇಡ ಅಂತ ಒಂದು ಸಲ ಬರ್ಕೊಂಡ ಮೇಲೆ ಅದು ಬರೀ ಸದ್ದು ಆಗ್ಬಿಡುತ್ತೆ.

ಇಲ್ಲಿ ಎರಡು ವಿಷಯ ಬೆರೆತುಹೋಗಿತ್ತು. ಎಮ್‌ಎಮ್‌ಎಸ್‌ಇ ಅನ್ನೋದು 1975ರಲ್ಲಿ ಬಂದ ಪುಟ್ಟ ಪರೀಕ್ಷೆ, ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೀರಿ, ಈ ಮೂರು ಪದ ನೆನಪಿಟ್ಕೊಳ್ಳಿ ಅಂತ ಕೇಳೋದು, ಅದು ಮರೆವು ಎಷ್ಟಿದೆ ಅಂತ ಅಂದಾಜು ಕೊಡುತ್ತೆ ಅಷ್ಟೇ. ಈ ಒಂದು ನಿರ್ಧಾರ ಇವರ ಕೈಲಿ ಆಗುತ್ತಾ ಇಲ್ವಾ ಅನ್ನೋದಕ್ಕೆ ಅದರಲ್ಲಿ ಉತ್ತರ ಇಲ್ಲ. ಅದಕ್ಕೆ ಕೇಳೋ ಪ್ರಶ್ನೆಗಳೇ ಬೇರೆ: ವಿಷಯ ಅರ್ಥ ಆಯ್ತಾ, ಯೋಚಿಸಿ ಮುಗಿಸೋವರೆಗಾದ್ರೂ ತಲೆಯಲ್ಲಿ ನಿಲ್ಲುತ್ತಾ, ಒಳ್ಳೇದು ಕೆಟ್ಟದ್ದು ತೂಗಿ ನೋಡ್ತಾರಾ, ಅದನ್ನ ಮಾತಲ್ಲೋ ಸನ್ನೆಯಲ್ಲೋ ತಿಳಿಸ್ತಾರಾ. ಇಂಗ್ಲೆಂಡ್ ಮತ್ತು ವೇಲ್ಸಿನ 2005ರ ಮೆಂಟಲ್ ಕೆಪ್ಯಾಸಿಟಿ ಆಕ್ಟಲ್ಲಿ ಇದನ್ನ ಚೆನ್ನಾಗಿ ಬಿಡಿಸಿ ಬರೆದಿದಾರೆ, ಜೊತೆಗೆ ಇನ್ನೊಂದು ಮಾತಿದೆ, ಆ ವ್ಯಕ್ತಿಗೆ ನಿರ್ಧಾರ ತಗೊಳ್ಳೋಕೆ ಸಹಾಯ ಮಾಡೋ ಎಲ್ಲಾ ದಾರಿ ನೋಡಿ ಆದ ಮೇಲೇನೇ ಆಗಲ್ಲ ಅನ್ಬೇಕು ಅಂತ. ನಾವು ಒಂದೂ ದಾರಿ ನೋಡಿರ್ಲಿಲ್ಲ. ಯಾರು ಸಹಿ ಹಾಕ್ಬಹುದು ಅನ್ನೋ ಕಾನೂನು ಒಂದೊಂದು ದೇಶಕ್ಕೆ ಒಂದೊಂದು ಥರ, ಅದನ್ನ ನಿಮ್ಮ ನಿಮ್ಮ ಕಡೆ ವಿಚಾರಿಸ್ಕೊಳ್ಳಿ. ಆದ್ರೆ ಮೇಲಿನ ಪ್ರಶ್ನೆಗಳನ್ನ ಕೇಳೋಕೆ ಯಾವ ಕಾನೂನೂ ಅಡ್ಡ ಬರಲ್ಲ.

ನಾನು ಸರ್ಜನ್ ಹತ್ರ ಹೋಗಿ ಕೇಳಿದ್ದು ಒಂದೇ. "ಸರ್, ಕಾಲು ನಾಳೆನೇ ತೆಗೀಬೇಕಾ?" ಅವರು ಒಂದು ನಿಮಿಷ ಸುಮ್ನಿದ್ದು, ಇವತ್ತು ರಾತ್ರಿ ಆಗಲೇಬೇಕಾಗಿರೋದು ಕೀವು ತೆಗೆಯೋದು, ಜ್ವರ ಬರ್ತಿರೋದೇ ಅದರಿಂದ, ಬಿಪಿ ಬೀಳದೆ ನಿಂತ್ರೆ ಕಾಲಿನ ವಿಷಯಕ್ಕೆ ಮೂರು ನಾಲ್ಕು ದಿನ ಟೈಮ್ ಇದೆ ಅಂದ್ರು. ಇಡೀ ಕೇಸಲ್ಲಿ ಮೊದಲ ತಿರುವು ಇದು ಅಂತ ನನಗೆ ಅನ್ಸುತ್ತೆ, ಯಾಕಂದ್ರೆ ಅಲ್ಲಿವರೆಗೆ ಎಲ್ಲರೂ ಎರಡನ್ನೂ ಸೇರಿಸಿ ಒಂದೇ ತುರ್ತು ಅಂದ್ಕೊಂಡಿದ್ವಿ. ಹಾಗಂತ ಎಲ್ಲಾ ಕಡೆ ಕಾಯ್ಬಹುದು ಅಂದ್ಕೋಬೇಡಿ, ಕೆಲವು ಸೋಂಕು ಗಂಟೆ ಲೆಕ್ಕದಲ್ಲಿ ಮೇಲೇರುತ್ತೆ, ಅಲ್ಲಿ ಜೀವ ಉಳಿಸೋದೇ ಮೊದಲು. ಆ ರಾತ್ರಿ ಪಾದದ ಹತ್ರ ಮಾತ್ರ ಮರಗಟ್ಟಿಸಿ ಕೀವು ತೆಗೆದ್ರು, ಡ್ರಿಪ್ಪಲ್ಲಿ ಆಂಟಿಬಯಾಟಿಕ್ ಶುರು ಮಾಡಿದ್ರು. ಲಿಸ್ಟಿಂದ ಹೆಸರು ತೆಗೆದ್ರು.

ಯಾವ ಮಶೀನು

ಎರಡನೇ ದಿನವೂ ಅದೇ, "ಮಶೀನು, ಮಶೀನು". ಮೂರನೇ ದಿನ ಬೆಳಿಗ್ಗೆ ನಾನು ರೌಂಡ್ಸಿಗೆ ಹೋದಾಗ ಕಿರಿಮಗ ರಾತ್ರಿ ಪಾಳಿ ಮುಗಿಸಿ ಹೊರಡ್ತಿದ್ದ, ಬಾಗಿಲ ಹತ್ರ ನಿಂತು, ತಪ್ಪು ಮಾಡ್ದವನ ಥರ, "ಮೇಡಂ, ಕಿವಿ ಮಶೀನು ಮನೇಲೇ ಇದೆ, ಆಸ್ಪತ್ರೇಲಿ ಕಳ್ದೋಗುತ್ತೆ ಅಂತ ಅಕ್ಕ ಎತ್ತಿಟ್ಟಿದಾಳೆ, ತರ್ಲಾ?" ಅಂದ.

ನನಗೆ ಒಂದು ಕ್ಷಣ ಮಾತೇ ಬರ್ಲಿಲ್ಲ. ಮೂರು ದಿನದಿಂದ ಕಿವಿ ಕೇಳಿಸದ ಮನುಷ್ಯನನ್ನ ಸುತ್ತ ನಿಂತ್ಕೊಂಡು ಕಾಲು ಕೊಡ್ತೀಯಾ ಕೊಡಲ್ವಾ ಅಂತ ಕಿರುಚ್ತಾ ಇದ್ವಿ. ಕಿವಿ ಮಶೀನು ಬಂತು, ಬ್ಯಾಟರಿ ಸತ್ತಿತ್ತು, ಬ್ಯಾಟರಿ ತರಿಸೋಕೆ ಇನ್ನೊಂದು ಅರ್ಧ ದಿನ ಹೋಯ್ತು. ಹಾಕಿದ ಮೇಲೆ ಯಜಮಾನ್ರು ತಲೆ ಆ ಕಡೆ ಈ ಕಡೆ ತಿರುಗಿಸಿ ಸುಮ್ಮನಾದ್ರು, ಆಮೇಲೆ ಮಶೀನು ಅಂತ ಅಷ್ಟಾಗಿ ಕೇಳ್ಲಿಲ್ಲ. ಆ ಸಂಜೆ ಅವರು ಕೇಳಿದ್ದು ಯಾವ ಮಶೀನು ಅಂತ ಖಂಡಿತ ಹೇಳೋಕಾಗಲ್ಲ. ನಾಳೆ ಡೆಲಿವರಿ ಇದೆ ಅಂತಲೂ ಹೇಳಿದ್ರಲ್ಲ, ಎರಡೂ ಇದ್ದಿರಬಹುದು. ಆದ್ರೆ ಯಾವ ಮಶೀನು ಅಂತ ವಾಪಸ್ ಕೇಳೋ ಯೋಚನೆ ನಮಗ್ಯಾರಿಗೂ ಬರ್ಲಿಲ್ಲ, ದರ್ಜಿ ಅಂತ ಗೊತ್ತಿತ್ತಲ್ಲ, ಕಥೆ ನಾವೇ ಹೊಲಿದುಬಿಟ್ವಿ.

ನಾಲ್ಕನೇ ದಿನ ಬೆಳಿಗ್ಗೆ ಹತ್ತಕ್ಕೆ ಮತ್ತೆ ನೋಡಿದ್ವಿ. ಬೆಳಿಗ್ಗೆ ಯಾಕಂದ್ರೆ ಡಿಮೆನ್ಷಿಯಾ ಇರೋರಲ್ಲಿ ಎಷ್ಟೋ ಜನಕ್ಕೆ ಹೊತ್ತು ಮುಳುಗ್ತಾ ಗೊಂದಲ ಜಾಸ್ತಿ ಆಗುತ್ತೆ, ಅದರ ಮೇಲೆ ಸೋಂಕಿನಿಂದ ಬರೋ ಡೆಲಿರಿಯಂ, ಅಂದ್ರೆ ಥಟ್ಟನೆ ಬರೋ ತಲೆಯ ಗೊಂದಲ, ಬೇರೆ ಸೇರಿದ್ರೆ ಗಂಟೆಗೊಂದು ಥರ ಇರ್ತಾರೆ, ಡೆಲಿರಿಯಂ ಇಳಿಯೋ ಸಾಧ್ಯತೆ ಇರುವಾಗ ಇವರಿಗೆ ಸಾಮರ್ಥ್ಯನೇ ಇಲ್ಲ ಅಂತ ಮುದ್ರೆ ಒತ್ತೋದು ಅನ್ಯಾಯ. ಈ ಸಲ ಸೈಕಿಯಾಟ್ರಿಸ್ಟ್ ಒಬ್ಬರೇ, ಕುರ್ಚಿ ಎಳ್ಕೊಂಡು ಮುಖ ಕಾಣೋ ಹಾಗೆ ಕೂತ್ಕೊಂಡ್ರು. ಕನ್ನಡಕ ಹಾಕಿಸಿದ್ವಿ. ಮಗಳು ಸ್ವಲ್ಪ ದೂರದಲ್ಲಿ.

"ಯಜಮಾನ್ರೇ, ಈ ಕಾಲಿಗೆ ಏನಾಗಿದೆ?"

"ಇಸ್ತ್ರಿ ಪೆಟ್ಟಿಗೆ ಬಿತ್ತು."

"ಈಗ ನೋಡಿ, ಈ ಬೆರಳು ಕಪ್ಪಾಗಿದೆ."

ಬಗ್ಗಿ ನೋಡಿದ್ರು. ಸ್ವಲ್ಪ ಹೊತ್ತು ಬಿಟ್ಟು, "ಕೊಳ್ತೋಗಿದೆ. ವಾಸನೆ ಬರ್ತಿದೆ ನಂಗೂ."

ಡಾಕ್ಟ್ರು ಒಂದು ಹಾಳೆ ಮೇಲೆ ಕಾಲಿನ ಚಿತ್ರ ಬರೆದು ಮೊಣಕಾಲಿನ ಕೆಳಗೆ ಗೆರೆ ಹಾಕಿ, ಇಲ್ಲಿವರೆಗೆ ತೆಗೆದ್ರೆ ಕೊಳೆಯೋದು ಮೇಲಕ್ಕೆ ಹರಡೋದು ನಿಲ್ಲುತ್ತೆ, ಇಲ್ಲಾಂದ್ರೆ ಜೀವಕ್ಕೆ ಅಪಾಯ ಇದೆ ಅಂತ ಒಂದೊಂದೇ ವಾಕ್ಯ ಹೇಳಿದ್ರು. ಯಜಮಾನ್ರು ಹಾಳೆ ತಗೊಂಡು ಬೆರಳನ್ನ ಆ ಗೆರೆಯಿಂದ ಕೆಳಗೆ ಜಾರಿಸಿ, ಪಾದದ ತುದಿಗೆ ತಂದು, ಬಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕೋ ಹಾಗೆ ಉಗುರಲ್ಲಿ ಗೀಚಿ, "ಇಷ್ಟು ಸಾಕು" ಅಂದ್ರು. "ಅಷ್ಟು ಮೇಲೆ ಬೇಡ."

ಹತ್ತು ನಿಮಿಷ ಆದ ಮೇಲೆ ಅದೇ ಕಾಲು ತೋರ್ಸಿ ಕೇಳಿದ್ರೆ "ಏನಾಗಿಲ್ಲ, ಚೆನ್ನಾಗಿದೆ" ಅಂದ್ರು. ಸಂಜೆ ಕೇಳಿದ್ರೆ ನೀವ್ಯಾರು ಅಂದ್ರು. ಮರುದಿನವೂ ಹಾಗೇ. ಒಟ್ಟು ನಾಲ್ಕು ಸಲ ಕೇಳಿದ್ವಿ, ನಾಲ್ಕು ಸಲವೂ ಮೇಲಿನ ಗೆರೆಗೆ ಬೇಡ, ಆದ್ರೆ ಯಾಕೆ ಬೇಡ, ಬಿಟ್ರೆ ಏನಾಗುತ್ತೆ ಅನ್ನೋದು ತಲೆಯಲ್ಲಿ ನಿಲ್ತಿರ್ಲಿಲ್ಲ. ಆ "ಇಷ್ಟು ಸಾಕು" ನಿರ್ಧಾರನಾ, ಐವತ್ತು ವರ್ಷ ಬಟ್ಟೆ ಕತ್ತರಿಸಿದ ಕೈಯ ಅಭ್ಯಾಸನಾ ಅಂತ ನಾವು ನಾವೇ ವಾದ ಮಾಡಿದ್ವಿ. ಸೈಕಿಯಾಟ್ರಿಸ್ಟ್ ಬರೆದಿದ್ದು: ಈ ಆಪರೇಷನ್ ಬಗ್ಗೆ ನಿರ್ಧಾರ ತೆಗೆದುಕೊಳ್ಳುವ ಸಾಮರ್ಥ್ಯ ಸದ್ಯ ಇಲ್ಲ. ಅಂದ್ರೆ ಉತ್ತರ ಮೊದಲನೇ ಸಂಜೆ ಬರೆದಿದ್ದೇ! ಇದಕ್ಕೆ ಇಷ್ಟೆಲ್ಲ ಬೇಕಿತ್ತಾ ಅಂತ ಒಬ್ಬ ಜೂನಿಯರ್ ಡಾಕ್ಟ್ರು ಕೇಳಿದ್ರು ಕೂಡ.

ಬೇಕಿತ್ತು, ಯಾಕಂದ್ರೆ ಅದೇ ಕಾಗದದ ಕೆಳಗೆ ಎರಡನೇ ಸಾಲೊಂದು ಬಂತು. "ನಿಮಗೆ ಹುಷಾರಿಲ್ಲದಾಗ ನಿಮ್ಮ ಪರವಾಗಿ ಯಾರು ಮಾತಾಡ್ಬೇಕು?" ಅಂತಲೂ ನಾಲ್ಕು ಸಲ ಕೇಳಿದ್ದೆವು. ಮೂರು ಸಲ ಮಗಳ ಹೆಸರು ಹೇಳಿದ್ರು, ಒಂದು ಸಲ ತೀರ್ಕೊಂಡ ಹೆಂಡತಿ ಹೆಸರು. ಹಿರಿಮಗನ ಹೆಸರು ಒಂದು ಸಲವೂ ಬರ್ಲಿಲ್ಲ. ಕಾಲು ತೆಗೆಯೋ ಲೆಕ್ಕಾಚಾರ ಮಾಡೋಕೆ ಆಗದೇ ಇರೋ ಮನುಷ್ಯನಿಗೆ ತಾನು ಯಾರನ್ನ ನಂಬ್ತೀನಿ ಅನ್ನೋದು ಗೊತ್ತಿರಬಹುದು, ಎರಡಕ್ಕೂ ಬೇಕಾದ ಶಕ್ತಿ ಬೇರೆ ಬೇರೆ. ಸಾಮರ್ಥ್ಯ ಇದೆ ಇಲ್ಲ ಅಂತ ಇಡೀ ಮನುಷ್ಯನ ಮೇಲೆ ಬೋರ್ಡ್ ಹಾಕೋಕಾಗಲ್ಲ, ಒಂದೊಂದು ನಿರ್ಧಾರಕ್ಕೂ ಬೇರೆ ಬೇರೆಯಾಗಿ ನೋಡ್ಬೇಕು ಅನ್ನೋದನ್ನ ನಾನು ಟ್ರೇನಿಂಗಲ್ಲಿ ಓದಿದ್ದೆ, ಕಣ್ಣಾರೆ ನೋಡಿದ್ದು ಅವತ್ತು.

ಹಿರಿಮಗ

ದೂರದಲ್ಲಿರೋ ಮಕ್ಕಳು ಕೊನೇ ಗಳಿಗೆಯಲ್ಲಿ ಫೋನ್ ಮಾಡಿ ಎಲ್ಲಾ ಮಾಡ್ಬಿಡಿ ಅಂತ ಹಠ ಹಿಡಿಯೋದಕ್ಕೆ ಡಾಕ್ಟ್ರುಗಳ ನಡುವೆ "ಕ್ಯಾಲಿಫೋರ್ನಿಯಾದ ಮಗಳು" ಅಂತಲೇ ಒಂದು ಹೆಸರಿದೆ, 1991ರಲ್ಲಿ ವೃದ್ಧರ ಚಿಕಿತ್ಸೆ ಬಗ್ಗೆ ಇರೋ ಒಂದು ಅಮೆರಿಕನ್ ಪತ್ರಿಕೆಯಲ್ಲೇ ಈ ಹೆಸರಲ್ಲಿ ಲೇಖನ ಬಂದಿದೆ. ವಾರ್ಡಲ್ಲಿ ಹಿರಿಮಗನ ಬಗ್ಗೆಯೂ ಅದೇ ಥರ ತಮಾಷೆ ನಡೀತಿತ್ತು. ನನಗೆ ಆ ತಮಾಷೆ ಇಷ್ಟ ಆಗಲ್ಲ. ಅವನು ಅಪ್ಪನ್ನ ಕಣ್ಣಾರೆ ನೋಡಿ ಎರಡು ವರ್ಷ ಆಗಿತ್ತು, ಅವನ ತಲೆಯಲ್ಲಿ ಇದ್ದಿದ್ದು ಆಗಿನ ಅಪ್ಪ, ನಡೀತಿದ್ದ, ಅವನನ್ನ ಗುರುತು ಹಿಡೀತಿದ್ದ ಅಪ್ಪ. ಆ ಅಪ್ಪನಿಗೆ ಕಾಲು ತೆಗೆಸೋದೇ ಸರಿ ಇತ್ತೇನೋ. ಅವನು ನನ್ನನ್ನ ಕೇಳಿದ, "ಮೇಡಂ, ನಿಮ್ಮಪ್ಪ ಆಗಿದ್ರೆ ಹೀಗೇ ಬಿಟ್ಬಿಡ್ತಿದ್ರಾ?" ಅಂತ. ನನ್ನ ಹತ್ರ ಉತ್ತರ ಇರ್ಲಿಲ್ಲ. ಇಲ್ಲ ಅಂತಲೇ ಹೇಳ್ದೆ.

ಐದನೇ ದಿನ ಮನೆಯವರ ಮೀಟಿಂಗ್. ಸರ್ಜನ್, ಸೈಕಿಯಾಟ್ರಿಸ್ಟ್, ನಾನು, ಮಗಳು, ಕಿರಿಮಗ, ಸ್ಕ್ರೀನಲ್ಲಿ ಹಿರಿಮಗ. ಮೊದಲ ಇಪ್ಪತ್ತು ನಿಮಿಷ ಹಾಳಾಯ್ತು, ಯಾಕಂದ್ರೆ ನಾನೇ ತಪ್ಪು ಪ್ರಶ್ನೆಯಿಂದ ಶುರು ಮಾಡ್ದೆ, "ಅಪ್ಪನಿಗೆ ಏನು ಮಾಡ್ಬೇಕು ಅಂತ ನಿಮ್ಮ ಅಭಿಪ್ರಾಯ" ಅಂತ. ಹೀಗೆ ಕೇಳಿದ್ರೆ ಮಕ್ಕಳು ಅಪ್ಪನ ಬಗ್ಗೆ ಮಾತಾಡಲ್ಲ, ಯಾರಿಗೆ ಅಪ್ಪನ ಮೇಲೆ ಜಾಸ್ತಿ ಪ್ರೀತಿ ಅನ್ನೋ ಪೈಪೋಟಿ ಶುರುವಾಗುತ್ತೆ. ಸೈಕಿಯಾಟ್ರಿಸ್ಟ್ ಅಡ್ಡ ಬಂದು ಪ್ರಶ್ನೆ ಬದಲಾಯಿಸಿದ್ರು. "ಅರವತ್ತರ ವಯಸ್ಸಿನ ನಿಮ್ಮಪ್ಪ, ಪೂರ್ತಿ ಬುದ್ಧಿ ಇರೋ ಅಪ್ಪ, ಈ ಖಾಲಿ ಕುರ್ಚಿ ಮೇಲೆ ಕೂತು ಈ ಬೆಡ್ ಮೇಲಿರೋ ಮುದುಕನ್ನ ನೋಡಿದ್ರೆ ಏನಂತಿದ್ರು?"

ಅಲ್ಲಿಂದ ಮಾತು ಬೇರೆ ಆಯ್ತು. ಮಗಳು ಹೇಳಿದ್ಲು, ಅಪ್ಪನ ಗೆಳೆಯರೊಬ್ಬರಿಗೆ ಕಾಲು ತೆಗೆದಿದ್ರು, ನೋಡ್ಕೊಂಡು ಬಂದು ಅಪ್ಪ ಅವತ್ತು ಅಂಗಡಿ ತೆಗೀಲಿಲ್ಲ, ನನಗೆ ಹಿಂಗಾದ್ರೆ ಬೇಡಮ್ಮ ಅಂದಿದ್ರು ಅಂತ. ಆಗ ಕಿರಿಮಗ ಮೊದಲ ಸಲ ಬಾಯಿ ಬಿಟ್ಟ. ಎಂಟು ವರ್ಷದ ಹಿಂದೆ ಬಲಗಾಲಿನ ಒಂದು ಬೆರಳು ತೆಗೆದಾಗ ಅಪ್ಪ ಒಂದು ಮಾತೂ ಆಡ್ದೆ ಒಪ್ಕೊಂಡಿದ್ರು, ಒಂದು ತಿಂಗಳೊಳಗೆ ಮತ್ತೆ ಮಶೀನು ತುಳಿದಿದ್ರು, "ಬೆರಳು ಹೋದ್ರೆ ಹೋಗ್ಲಿ ಪಾದ ಇದ್ರೆ ಸಾಕು" ಅಂತಿದ್ರು ಅಂದ. ಮೂರೂ ಜನ ಸ್ವಲ್ಪ ಹೊತ್ತು ಸುಮ್ಮನಾದ್ರು. ನನಗೆ ಆ ಹಾಳೆ ಮೇಲಿನ ಉಗುರ ಗೀಟು ನೆನಪಾಯ್ತು. ಅದನ್ನ ಹೇಳ್ಬೇಕಾ ಬೇಡ್ವಾ ಅಂತ ಯೋಚಿಸಿ ಹೇಳ್ದೆ, ಇದಕ್ಕೆ ಎಷ್ಟು ತೂಕ ಅಂತ ನನಗೆ ಗೊತ್ತಿಲ್ಲ ಅಂತ ಸೇರಿಸಿ.

ಜೂನಿಯರ್ ಡಾಕ್ಟ್ರು ಒಬ್ಬರು ಆಮೇಲೆ ಒಂದು ಒಳ್ಳೇ ಆಕ್ಷೇಪ ಎತ್ತಿದ್ರು: ಅವರು ಕಾಲು ಬೇಡ ಅನ್ನೋದು ಮಶೀನು ತುಳೀಬೇಕು ಅಂತ, ಅಂಗಡಿ ಮುಚ್ಚಿ ಏಳು ವರ್ಷ ಆಗಿದೆ, ಕಾರಣನೇ ಸುಳ್ಳಾದ ಮೇಲೆ ಆ ಬೇಡಕ್ಕೆ ಏನು ಬೆಲೆ? ನಾನು ಇದನ್ನ ತುಂಬಾ ದಿನ ತಲೇಲಿ ಇಟ್ಕೊಂಡಿದ್ದೆ. ಕಾರಣ ಹಳೇದು, ನಿಜ. ಆದ್ರೆ ಆ ಕಾರಣದ ಕೆಳಗಿರೋದು ತಾನು ಯಾರು ಅನ್ನೋ ತಿಳುವಳಿಕೆ, ಅದು ಹಳೇದಾಗಿರ್ಲಿಲ್ಲ. ಈ ವಿಷಯದಲ್ಲಿ ಹೆಸರಾದ ಎರಡು ಇಂಗ್ಲಿಷ್ ಕೋರ್ಟ್ ತೀರ್ಪುಗಳೂ ವಿಚಿತ್ರ ಅಂದ್ರೆ ಗ್ಯಾಂಗ್ರೀನ್ ಆದ ಕಾಲಿನವೇ. ಒಂದು 1994ರಲ್ಲಿ ವರದಿಯಾದ, ಸಿ ಅಂತ ಅಕ್ಷರ ಮಾತ್ರ ಇಟ್ಟು ಹೇಳೋ ಸ್ಕಿಜೋಫ್ರೇನಿಯಾ ಅನ್ನೋ ಮನಸ್ಸಿನ ಕಾಯಿಲೆ ಇದ್ದ ಮನುಷ್ಯನದು, ಅಲ್ಲಿ ಕಾಯಿಲೆ ಇದ್ರೂ ಈ ನಿರ್ಧಾರ ತಗೊಳ್ಳೋ ಶಕ್ತಿ ಇದೆ ಅಂತ ಕೋರ್ಟ್ ಹೇಳ್ತು, ಕಾಲು ತೆಗೀಲಿಲ್ಲ. ಇನ್ನೊಂದು 2015ರ ಬಿ ಅನ್ನೋ 73 ವರ್ಷದವರದು. ಇವರಿಗೆ ಶಕ್ತಿ ಇಲ್ಲ ಅಂತಲೇ ತೀರ್ಮಾನ ಆಯ್ತು, ಆದ್ರೂ ಜಡ್ಜ್ ಪೀಟರ್ ಜ್ಯಾಕ್ಸನ್ ಆಸ್ಪತ್ರೆಗೇ ಹೋಗಿ ಅವರ ಹತ್ರ ಮಾತಾಡಿ, ಬಲವಂತವಾಗಿ ಕಾಲು ತೆಗೆಯೋದು ಅವರ ಹಿತಕ್ಕಲ್ಲ ಅಂದ್ರು, ಅವರ ಇಷ್ಟಗಳಲ್ಲಿ ಕಾಯಿಲೆ ಬೆರೆತಿದೆ ಅನ್ನೋ ಕಾರಣಕ್ಕೆ ಅವು ಅವರ ಇಷ್ಟಗಳೇ ಅಲ್ಲ ಅನ್ನೋಕಾಗಲ್ಲ ಅನ್ನೋದು ತೀರ್ಪಿನ ಸಾರ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದದ 12ನೇ ವಿಧಿ ಎಳೆಯೋದೂ ಈ ಕಡೆಗೇ, ವ್ಯಕ್ತಿಯ ಇಷ್ಟ ಮತ್ತು ಆದ್ಯತೆಗೆ ಗೌರವ ಕೊಡಿ ಅಂತ.

ಮನೆಯವರ ಊಹೆನೂ ಕುರುಡಾಗಿ ನಂಬೋ ಹಾಗಿಲ್ಲ. 2006ರಲ್ಲಿ ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ, ರೋಗಿ ಏನು ಬಯಸ್ತಾರೆ ಅಂತ ಮನೆಯವರು ಹೇಳಿದ್ದು ಸರಿ ಬಂದಿದ್ದು ಶೇಕಡ 68 ಸಲ ಮಾತ್ರ, ರೋಗಿನೇ ಆರಿಸಿದ ವ್ಯಕ್ತಿ ಆಗಿದ್ರೂ ಅದು ಜಾಸ್ತಿ ಆಗ್ಲಿಲ್ಲ. ಸೈಕಿಯಾಟ್ರಿಸ್ಟ್ ಇದನ್ನ ಮೀಟಿಂಗಲ್ಲೇ ಹೇಳಿದ್ರು, ಮಗಳ ಮುಖ ಬಾಡ್ತು. ಹೇಳಿದ್ದು ಸರಿನೇ ಅಂತ ನನಗೆ ಈಗ್ಲೂ ಅನ್ಸುತ್ತೆ, ನಾನೊಬ್ಬಳೇ ಸರಿ ಅನ್ನೋ ಭಾರ ಅವಳ ತಲೆಯಿಂದ ಸ್ವಲ್ಪ ಇಳೀತು.

ಸರ್ಜನ್ ಎರಡೂ ಕಡೆ ಮುಚ್ಚುಮರೆ ಇಲ್ಲದೆ ಹೇಳಿದ್ರು. ಕಾಲು ತೆಗೆದ್ರೆ ಸೋಂಕಿನ ಮೂಲ ಹೋಗುತ್ತೆ, ವಾಸನೆ ಹೋಗುತ್ತೆ, ನೋವು ಬೇಗ ಕಡಿಮೆ ಆಗ್ಬಹುದು. ಆದ್ರೆ ರಕ್ತನಾಳ ಕಟ್ಟಿ ದೊಡ್ಡ ಆಂಪ್ಯುಟೇಷನ್, ಅಂದ್ರೆ ಕಾಲು ತೆಗೆಯೋ ಆಪರೇಷನ್, ಆದವರಲ್ಲಿ ಅರ್ಧದ ಹತ್ತಿರ ಜನ ಒಂದು ವರ್ಷದೊಳಗೆ ಹೋಗ್ತಾರೆ ಅಂತ ಅಧ್ಯಯನಗಳಲ್ಲಿದೆ, ಇವರ ವಯಸ್ಸು ಮರೆವು ನೋಡಿದ್ರೆ ಕೃತಕ ಕಾಲು ಕಲಿಯೋದು ಕಷ್ಟ, ಕಾಲಿಲ್ಲ ಅನ್ನೋದು ಮರೆತು ಎದ್ದು ನಿಲ್ಲೋಕೆ ಹೋಗಿ ಬೀಳೋ ಭಯ ಇದೆ. ಹಿರಿಮಗ ಆಗ್ಲೂ "ಬದುಕಿದ್ರೆ ತಾನೇ ಬೀಳೋದು" ಅಂದ. ಅದಕ್ಕೆ ಮಗಳು ಜೋರು ಮಾಡದೇ ಒಂದು ಮಾತು ಹೇಳಿದ್ಲು.

"ಅಣ್ಣ, ಅಮ್ಮ ಹೋದ್ರು ಅಂತ ಅಪ್ಪನಿಗೆ ಮರ್ತೋಗುತ್ತೆ, ಪ್ರತಿ ಸಲ ಹೇಳಿದಾಗ್ಲೂ ಹೊಸದಾಗಿ ಅಳ್ತಾರೆ, ಅದಕ್ಕೆ ನಾನು ಹೇಳೋದೇ ಬಿಟ್ಟೆ. ಕಾಲಿನ ವಿಷಯ ಹೇಗೆ ಮುಚ್ಚಿಡ್ಲಿ? ದಿನಾ ಬೆಳಿಗ್ಗೆ ಹೊದಿಕೆ ತೆಗೆದು ನೋಡಿದಾಗೆಲ್ಲ ಅವತ್ತೇ ಕಾಲು ಹೋದ ಹಾಗೆ."

ಇದು ಯಾವ ಫಾರಮ್ಮಲ್ಲೂ ಇಲ್ಲ. ಆಪರೇಷನ್ನಿನ ದುಃಖ ನಾವು ಒಂದು ಸಲ ಲೆಕ್ಕ ಹಾಕಿದ್ವಿ, ಆ ಮನುಷ್ಯನಿಗೆ ಅದು ದಿನಕ್ಕೊಂದು ಸಲ. ಸರ್ಜನ್ ಪೆನ್ನು ಕೆಳಗಿಟ್ರು.

ಏನು ಮಾಡಿದ್ವಿ, ಏನಾಯ್ತು

ದೊಡ್ಡ ಆಪರೇಷನ್ ಬೇಡ ಅಂತ ಆಯ್ತು. ಸತ್ತ ಬೆರಳುಗಳನ್ನ ಮಾತ್ರ ಪಾದ ಮರಗಟ್ಟಿಸಿ ತೆಗೆಯೋದು, ಆಂಟಿಬಯಾಟಿಕ್, ನೋವಿಗೆ ಔಷಧಿ, ಎರಡು ವಾರ ಆದ ಮೇಲೆ ಮತ್ತೆ ಕೂತು ನೋಡೋದು. ಆ ಎರಡು ವಾರ ಅನ್ನೋ ಮಾತಿಗೇ ಹಿರಿಮಗ ಒಪ್ಪಿದ್ದು, ಶಾಶ್ವತವಾಗಿ ಅಂದಿದ್ರೆ ಒಪ್ತಿರ್ಲಿಲ್ಲ. ಸರ್ಜನ್ ತಮ್ಮ ಅಭಿಪ್ರಾಯ ಬೇರೆ ಇದೆ, ಆದ್ರೆ ಇದು ತಪ್ಪು ನಿರ್ಧಾರ ಅಲ್ಲ ಅಂತ ಬರೆದು ಸಹಿ ಮಾಡಿದ್ರು, ಅದನ್ನ ನಾನು ಮೆಚ್ತೀನಿ. ಬೆರಳು ತೆಗೆಯೋ ದಿನ ಯಜಮಾನ್ರು ತಾವೇ ಕಾಲು ಚಾಚಿದ್ರು, ಒದೀಲಿಲ್ಲ, ಎಳ್ಕೊಳ್ಲಿಲ್ಲ. ಅದನ್ನ ಕನ್ಸೆಂಟ್ ಅನ್ನಲ್ಲ, ಆದ್ರೂ ಬರ್ಕೊಂಡೆವು. ಮೂರು ವಾರಕ್ಕೆ ಮನೆಗೆ ಹೋದ್ರು.

ಆಮೇಲೆ ಎರಡು ಕಡೆ ಎಡವಿದ್ವಿ. ಎರಡನೇ ತಿಂಗಳು ಯಜಮಾನ್ರು ಡ್ರೆಸ್ಸಿಂಗ್ ಮಾಡೋ ನರ್ಸಿಗೆ ಹೊಡೆಯೋಕೆ ಶುರು ಮಾಡಿದ್ರು, ಕೂಗಾಟ. ಡಿಮೆನ್ಷಿಯಾ ಜಾಸ್ತಿ ಆಗಿದೆ ಅಂತ ಆಂಟಿಸೈಕೋಟಿಕ್ ಅನ್ನೋ, ಮನಸ್ಸಿನ ಕಾಯಿಲೆಗೆ ಕೊಡೋ ಮಾತ್ರೆ ಬರೆದ್ರು. ಡಿಮೆನ್ಷಿಯಾ ಇರೋ ವಯಸ್ಸಾದವರಿಗೆ ಈ ಗುಂಪಿನ ಔಷಧಿಯಿಂದ ಸಾವಿನ ಅಪಾಯ ಜಾಸ್ತಿ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಹತ್ತು ದಿನ ನಡೀತು ಅದು, ದಿನವಿಡೀ ತೂಕಡಿಸೋರು, ಡ್ರೆಸ್ಸಿಂಗ್ ಹೊತ್ತಿಗೆ ಮಾತ್ರ ಮತ್ತೆ ಅದೇ ಕೂಗು. ಕೊನೆಗೆ ಪ್ಯಾಲಿಯೇಟಿವ್ ನರ್ಸ್, ಅಂದ್ರೆ ದೊಡ್ಡ ಕಾಯಿಲೆಯಲ್ಲಿ ನೋವು ನರಳಾಟ ಕಡಿಮೆ ಮಾಡೋ ತಂಡದವರು, ಬಂದು ಪೈನಾಡ್ ಅನ್ನೋ ನೋವು ಅಳೆಯೋ ಪಟ್ಟಿ ಹಿಡ್ಕೊಂಡು ನೋಡಿದ್ರು, ಉಸಿರಾಟ, ನರಳಾಟ, ಮುಖ, ಮೈ ಬಿಗಿಯೋದು, ಸಮಾಧಾನ ಮಾಡಿದ್ರೆ ಆಗ್ತಾರಾ, ಐದೂ ಸೇರಿ 10ಕ್ಕೆ ಎಷ್ಟು ಅಂತ. 8 ಬಂತು. ನೋವು ಇತ್ತು, ಹೇಳೋಕೆ ಪದ ಇರ್ಲಿಲ್ಲ ಅಷ್ಟೇ. ಡ್ರೆಸ್ಸಿಂಗಿಗೆ ಮುಂಚೆ ಸ್ವಲ್ಪ ಮಾರ್ಫಿನ್ ಕೊಟ್ಟಿದ್ದಕ್ಕೆ ಹೊಡೆಯೋದು ನಿಂತೋಯ್ತು, ಆ ಇನ್ನೊಂದು ಮಾತ್ರೆ ನಿಲ್ಸಿದ್ರು. ಕಾಲು ಉಳಿಸಿ ಅನ್ನೋ ಅವರ ಇಷ್ಟ ಕೇಳಿಸ್ಕೊಂಡವರು ಅದರ ನೋವಿನ ಲೆಕ್ಕ ಇಡೋದು ಮರೆತಿದ್ವಿ, ಕಾಲು ಉಳಿಸ್ತೀವಿ ಅಂದ ದಿನವೇ ಪ್ಯಾಲಿಯೇಟಿವ್ ತಂಡನ ಕರೀಬೇಕಿತ್ತು.

ಎರಡನೇದು ಮೂರನೇ ತಿಂಗಳು. ಭಾನುವಾರ ರಾತ್ರಿ ಜ್ವರ, ಗಾಬರಿಯಲ್ಲಿ ಎಮರ್ಜೆನ್ಸಿಗೆ ಕರ್ಕೊಂಡು ಹೋದ್ರು, ಡ್ಯೂಟಿ ಡಾಕ್ಟ್ರಿಗೆ ಕಾಣ್ಸಿದ್ದು ಗ್ಯಾಂಗ್ರೀನ್, ಡಿಮೆನ್ಷಿಯಾ, ಸಾಮರ್ಥ್ಯ ಇಲ್ಲ, ಅಷ್ಟೇ. ಮತ್ತೆ ಕಾಲು ತೆಗೆಯೋ ಮಾತು ಶುರು. ನಾವು ಅಷ್ಟು ಕಷ್ಟಪಟ್ಟು ಬರೆದ ಪ್ಲಾನ್ ಮನೇಲಿ ಬೀರುವಿನಲ್ಲಿ ಭದ್ರವಾಗಿತ್ತು! ಮಗಳು ನಾನೇ ಅಪ್ಪನ್ನ ಕೊಲ್ತಿದೀನಾ ಅಂತ ಕಾರಿಡಾರಲ್ಲಿ ಕೂತು ಅಳ್ತಿದ್ಲಂತೆ. ಕಿರಿಮಗ ಫೋನಲ್ಲಿ ಅದರ ಫೋಟೋ ಇಟ್ಕೊಂಡಿದ್ದ, ತೋರ್ಸಿದ. ಆಂಟಿಬಯಾಟಿಕ್ ಕೊಟ್ಟು ಎರಡು ದಿನಕ್ಕೆ ವಾಪಸ್ ಕಳಿಸಿದ್ರು. ಅವತ್ತಿಂದ ಆ ಥರದ ಪ್ಲಾನಿನ ಒಂದು ಕಾಪಿನ ರೋಗಿಯ ಔಷಧಿ ಚೀಟಿ ಜೊತೆ ಪಿನ್ ಹೊಡೆದು ಕೊಡ್ತೀವಿ, ಮನೆಯ ಕನಿಷ್ಠ ಇಬ್ಬರ ಫೋನಲ್ಲಿ ಇದೆಯಾ ಅಂತ ನೋಡೇ ಕಳಿಸ್ತೀವಿ.

ಐದನೇ ತಿಂಗಳ ಕೊನೆಗೆ ಕಪ್ಪು ಪಾದದ ಕೀಲು ದಾಟಿ ಮೇಲೇರ್ತು. ಹಿರಿಮಗ ಬಂದ, ಮೂರು ವಾರ ಇದ್ದ. ಮೊದಲ ವಾರ ತಂಗಿ ಹತ್ರ ಮಾತಿಲ್ಲ, ಎರಡನೇ ವಾರದಿಂದ ಡ್ರೆಸ್ಸಿಂಗ್ ತಾನೇ ಮಾಡೋಕೆ ಶುರು ಮಾಡ್ದ ಅಂತ ನರ್ಸ್ ಹೇಳಿದ್ರು. ಆಪರೇಷನ್ ವಿಷಯ ಅವನೂ ಎತ್ತಲಿಲ್ಲ. ಯಜಮಾನ್ರು ಮನೇಲೇ ಹೋದ್ರು, ಕೊನೆ ನಾಲ್ಕು ದಿನ ನಿದ್ದೆಯಲ್ಲೇ.

ಎರಡು ತಿಂಗಳಾದ ಮೇಲೆ ಹಿರಿಮಗ ಫೋನ್ ಮಾಡಿದ್ದ. "ಕಾಲು ತೆಗೆದಿದ್ರೆ ಇನ್ನೂ ಇರ್ತಿದ್ರೇನೋ ಅಲ್ವಾ ಮೇಡಂ?" ಅಂದ. ಇರ್ತಿದ್ರೇನೋ ಅಂದೆ. ಅವನಿಗೆ ಅದಕ್ಕಿಂತ ಜಾಸ್ತಿ ಏನಾದ್ರೂ ಬೇಕಿತ್ತು, ಆದ್ರೆ ಸುಳ್ಳು ಸಮಾಧಾನ ಹೇಳೋಕೆ ಮನಸ್ಸು ಬರ್ಲಿಲ್ಲ. ಕಾಲು ತೆಗೆದು ಮೂರನೇ ದಿನಕ್ಕೆ ಹೋಗಿದ್ರೆ ಮಗಳಿಂದ ಇದೇ ಥರ ಫೋನ್ ಬಂದಿರೋದು. ಇಂಥ ನಿರ್ಧಾರದಲ್ಲಿ ಫಲ ನೋಡಿ ಸರಿ ತಪ್ಪು ಹೇಳೋಕಾಗಲ್ಲ, ಆ ದಿನ ಯಾರನ್ನ ಕೇಳಿದ್ವಿ, ಹೇಗೆ ಕೇಳಿದ್ವಿ, ಏನು ಬರೆದಿಟ್ವಿ ಅನ್ನೋದನ್ನ ನೋಡ್ಬಹುದು. ಅದರಲ್ಲಿ ನಮಗೆ ಪೂರ್ತಿ ಮಾರ್ಕ್ಸ್ ಸಿಗಲ್ಲ. ಮೊದಲ ಮೂರು ದಿನಕ್ಕೆ ಸೊನ್ನೆ. ರಾತ್ರಿ ಪಕ್ಕದಲ್ಲಿ ಮಲಗೋನನ್ನ ಮೊದಲನೇ ದಿನವೇ ಕೂರಿಸ್ಕೊಂಡು ಕೇಳಿದ್ರೆ ಕಿವಿ ಮಶೀನೂ ಸಿಗ್ತಿತ್ತು, ಬೆರಳಿನ ಕಥೆನೂ ಸಿಗ್ತಿತ್ತು.

ನಮ್ಮ ವಾರ್ಡಿನ ನರ್ಸಿಂಗ್ ಸ್ಟೇಷನ್ ಡ್ರಾಯರಲ್ಲಿ ಈಗ ಕಿವಿ ಮಶೀನಿನ ಬ್ಯಾಟರಿ ಇಟ್ಟಿರ್ತೀವಿ, ಕಂದು ಸ್ಟಿಕ್ಕರಿನ 312, ಕಿತ್ತಳೆ ಸ್ಟಿಕ್ಕರಿನ 13, ಎರಡೂ ಸೈಜು. ಅಡ್ಮಿಷನ್ ಫಾರಮ್ಮಲ್ಲಿ ಕನ್ನಡಕ, ಹಲ್ಲಿನ ಸೆಟ್ಟು ಪಕ್ಕ ಕಿವಿ ಮಶೀನು ಅಂತ ಒಂದು ಖಾನೆ ಸೇರಿಸಿದೀವಿ, ಅದರ ಪಕ್ಕ ಎರಡು ಚೌಕ: ಇದೆ, ಮನೇಲಿದೆ. ಮನೇಲಿದೆ ಅಂತ ಟಿಕ್ ಬಿದ್ರೆ ಅವತ್ತು ಸಂಜೆಯೊಳಗೆ ತರಿಸೋದು ನನ್ನ ಕೆಲಸ.